ಅದು ಗಂಧೆಯೋ, ಎರಿಥೀಮಾ ಮಲ್ಟಿಫಾರ್ಮೆಯೋ? ಒಂದು ಪೆನ್ನು ತಗೊಳ್ಳಿ

ಮುಂಗೈ, ಮೊಣಕೈ, ಪಾದದ ಮೇಲೆ ದಿಢೀರನೆ ದುಂಡನೆಯ ಕಲೆಗಳು ಎದ್ದರೆ ಮನೆಯಲ್ಲಿ ಒಬ್ಬರು ಪಿತ್ತದ ಗಂಧೆ ಅನ್ನುತ್ತಾರೆ, ಇನ್ನೊಬ್ಬರು ಹುಳುಕಡ್ಡಿ ಅನ್ನುತ್ತಾರೆ. ಎರಡೂ ಅಲ್ಲದೆ ಎರಿಥೀಮಾ ಮಲ್ಟಿಫಾರ್ಮೆ ಅನ್ನುವ ಚರ್ಮದ ಕಾಯಿಲೆ ಇರಬಹುದು.

ಒಂದು ಕಲೆಯ ಸುತ್ತ ಪೆನ್ನಿನಿಂದ ಗೆರೆ ಎಳೆಯಿರಿ. ಮರುದಿನ ಅದೇ ಹೊತ್ತಿಗೆ ನೋಡಿ. ಗಂಧೆಯಾದರೆ ಸಾಮಾನ್ಯವಾಗಿ 24 ಗಂಟೆಯೊಳಗೆ ಅಲ್ಲಿ ಇಳಿದು ಇನ್ನೆಲ್ಲೋ ಏಳುತ್ತದೆ. ಎರಿಥೀಮಾ ಮಲ್ಟಿಫಾರ್ಮೆಯ ಕಲೆ ಮಾತ್ರ ವಾರವಾದರೂ ಗೆರೆಯೊಳಗೇ ಕೂತಿರುತ್ತದೆ. ಆಮೇಲೆ ಬೆಳಕಿನಲ್ಲಿ ಹತ್ತಿರದಿಂದ ನೋಡಿ: ನಡುವೆ ಕಪ್ಪಾದ ಚುಕ್ಕೆ ಅಥವಾ ಸಣ್ಣ ಗುಳ್ಳೆ, ಅದರ ಸುತ್ತ ಊದಿದ ಪೇಲವ ಉಂಗುರ, ಹೊರಗೊಂದು ಕೆಂಪು ಉಂಗುರ, ಒಟ್ಟು ಅಗಲ 3 ಸೆಂ.ಮೀ. ಒಳಗೆ. ನಮ್ಮ ಕಂದು ಚರ್ಮದಲ್ಲಿ ಆ ಕೆಂಪು ಚಿತ್ರಗಳಲ್ಲಿರುವ ಹಾಗೆ ಕಾಣುವುದಿಲ್ಲ, ನೇರಳೆ ಅಥವಾ ಕಡುಕಂದಾಗಿರುತ್ತದೆ, ಮೋಸ ಹೋಗುವುದು ಇಲ್ಲೇ. ಹುಳುಕಡ್ಡಿಯಾದರೆ ಅಂಚಿನಲ್ಲಿ ಹೊಟ್ಟು ಏಳುತ್ತದೆ, ನಿಧಾನವಾಗಿ ಹರಡುತ್ತದೆ. ಎರಿಥೀಮಾ ಮಲ್ಟಿಫಾರ್ಮೆಯಾದರೆ ಎರಡೂ ಕೈಗೆ, ಎರಡೂ ಕಾಲಿಗೆ ಹೆಚ್ಚುಕಡಿಮೆ ಒಂದೇ ಸಲ ಬರುತ್ತದೆ.

ಈಗ ಹಿಂದಿನ ಎರಡು ವಾರ ನೆನಪಿಸಿಕೊಳ್ಳಿ. ತುಟಿಯಂಚಿನಲ್ಲಿ ಉರಿಯುವ ಗುಳ್ಳೆಗಳು ಎದ್ದಿದ್ದವಾ? ಜ್ವರದ ಕಾವಿಗೆ ತುಟಿ ಒಡೆಯಿತು ಅಂತ ಸುಮ್ನೆ ಬಿಟ್ಟಿರುತ್ತೇವೆ, ಅಲ್ವಾ? ಅದು ಹರ್ಪಿಸ್ ಸಿಂಪ್ಲೆಕ್ಸ್ ವೈರಸ್. ಈ ಕಾಯಿಲೆಗೆ ಜಾಸ್ತಿ ಕಾರಣ ಅದೇ. ತುಟಿಯ ಗುಳ್ಳೆ ಒಬ್ಬರಿಂದೊಬ್ಬರಿಗೆ ಅಂಟುತ್ತದೆ, ಆದರೆ ಈ ಕಲೆಗಳು ಅಂಟುವುದಿಲ್ಲ, ಇವು ವೈರಸ್ ವಿರುದ್ಧ ನಮ್ಮ ದೇಹವೇ ಚರ್ಮದಲ್ಲಿ ನಡೆಸುವ ಜಗಳ. ಮಕ್ಕಳಿಗೆ ಕೆಮ್ಮು ಜ್ವರ ಇದ್ದರೆ ಮೈಕೋಪ್ಲಾಸ್ಮಾ ಅನ್ನುವ ಬ್ಯಾಕ್ಟೀರಿಯಾದ ಸೋಂಕೂ ಕಾರಣವಿರಬಹುದು. ಹೊಸದಾಗಿ ಶುರು ಮಾಡಿದ ಮಾತ್ರೆಗಳನ್ನು ತಾರೀಖಿನ ಸಮೇತ ಬರೆದಿಟ್ಟುಕೊಳ್ಳಿ, ಅದರಲ್ಲೂ ಸಲ್ಫಾ, ಫಿಟ್ಸ್ ಮತ್ತು ನೋವಿನ ಮಾತ್ರೆ.

ಬಾಯಿ, ಕಣ್ಣು, ಮೂತ್ರದ ಜಾಗದಲ್ಲಿ ಹುಣ್ಣಾದರೆ, ಕಲೆಗಳು ಎದೆ ಬೆನ್ನಿನಿಂದ ಶುರುವಾಗಿ ಚರ್ಮ ನೋಯುತ್ತಾ ಸುಲಿಯುತ್ತಿದ್ದರೆ ಮನೆಯಲ್ಲಿ ಕೂರಬೇಡಿ. ಅದು ಸ್ಟೀವನ್ಸ್ ಜಾನ್ಸನ್ ಸಿಂಡ್ರೋಮ್ ಇರಬಹುದು. ಸಾಮಾನ್ಯವಾಗಿ ಔಷಧಿಯಿಂದಲೇ ಬರುವ, ಜೀವಕ್ಕೆ ಅಪಾಯವಾಗುವ ಕಾಯಿಲೆ ಅದು. ಅದೇ ದಿನ ದೊಡ್ಡಾಸ್ಪತ್ರೆಗೆ ಹೋಗಿ, ಮಾತ್ರೆಗಳ ಪಟ್ಟಿ ಕೈಯಲ್ಲಿರಲಿ. ಕಣ್ಣು ಕೆಂಪಾಗಿದ್ದರೆ ಕಣ್ಣಿನ ಡಾಕ್ಟರೂ ನೋಡಲೇಬೇಕು.

ಬರೀ ಚರ್ಮದ ಮೇಲಿದ್ದರೆ ಚರ್ಮದ ಡಾಕ್ಟರು ಹೆಚ್ಚಾಗಿ ನೋಡಿಯೇ ಹೇಳುತ್ತಾರೆ, ಅನುಮಾನವಿದ್ದರೆ ಬಯಾಪ್ಸಿ (ಚರ್ಮದ ಸಣ್ಣ ಚೂರು ತೆಗೆದು ಪರೀಕ್ಷೆ) ಮಾಡಿಸುತ್ತಾರೆ. 2ರಿಂದ 4 ವಾರದಲ್ಲಿ ತಾನೇ ಇಳಿಯುತ್ತದೆ. ತುರಿಕೆಗೆ ಸೆಟಿರಿಜಿನ್‌ನಂಥ ಮಾತ್ರೆ, ಹಚ್ಚಲು ಸ್ಟೀರಾಯ್ಡ್ ಮುಲಾಮು, ಬಾಯಿ ಹುಣ್ಣೂ ಇದ್ದು ಆಸ್ಪತ್ರೆಯಲ್ಲಿ ತೋರಿಸಿದ್ದರೆ ಅದಕ್ಕೆ ಮರಗಟ್ಟಿಸುವ ಜೆಲ್ ಕೊಡುತ್ತಾರೆ. ಖಾರ ಬಿಡಿ, ಗಂಜಿ ಮಜ್ಜಿಗೆ ಸಾಕು. ಮೆಡಿಕಲ್ ಶಾಪಿನವರು ಕೊಡುವ 'ಎಲ್ಲಕ್ಕೂ ಒಂದೇ' ಟ್ಯೂಬು ಮಾತ್ರ ಬೇಡ. ಅದು ಹುಳುಕಡ್ಡಿಯೇ ಆಗಿದ್ದರೆ ಅದರಲ್ಲಿರುವ ಸ್ಟೀರಾಯ್ಡ್ ಅದನ್ನು ಇನ್ನಷ್ಟು ಹಬ್ಬಿಸುತ್ತದೆ.

ಕಲೆಗಳು ಎದ್ದ ಮೇಲೆ ಹರ್ಪಿಸ್ ವೈರಸ್ ತಡೆಯುವ ಅಸೈಕ್ಲೋವಿರ್ ಮಾತ್ರೆ ನುಂಗಿದರೆ ದೊಡ್ಡ ಲಾಭವಿಲ್ಲ. ಆದರೆ ವರ್ಷಕ್ಕೆ ಐದಾರು ಸಲ ಮರುಕಳಿಸುವವರಿಗೆ ಅದೇ ಮಾತ್ರೆಯನ್ನು 400 ಮಿ.ಗ್ರಾಂ.ನಂತೆ ದಿನಕ್ಕೆರಡು ಸಲ, ಕನಿಷ್ಠ 6 ತಿಂಗಳು ಕೊಡುವುದುಂಟು. ಕಿಡ್ನಿ ತೊಂದರೆ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ, ಡೋಸ್ ಬದಲಾಗುತ್ತದೆ.