ಒಂದೂವರೆ ಇಂಚಿನ ಪೈಪಿನಲ್ಲಿ ಸ್ನೋಫ್ಲೇಕ್ ಈಲ್ ನಿಂತಿತು

"ಪೈಪ್‌ನಾಗೆ ಮಡಗಿದ್ರೆ ಸತ್ತೋಯ್ತದೆ, ಬುಡಣ್ಣ" ಅಂದಿದ್ದ ಮಂಡ್ಯದ ಗೆಳೆಯ. ಹೋದ ಭಾನುವಾರ ಕುವೆಂಪುನಗರದ ನಮ್ಮ ಮನೆಗೆ ಬಂದು, ಉಪ್ಪುನೀರಿನ ಟ್ಯಾಂಕಿನಲ್ಲಿ ನಾನು ಸಾಕಿರುವ ಹಾವಿನಂಥ ಮೀನು, ಸ್ನೋಫ್ಲೇಕ್ ಈಲ್‌ಗೆ ತಾನೇ ಇಕ್ಕಳ ಹಿಡಿದು ಸೀಗಡಿ ತಿನ್ನಿಸಿ ಹೋದ. ಈ ಈಲ್ ಪೈಪ್ ಸೇರಿ ಈಗ ಹತ್ತಿರ ಹತ್ತಿರ ಒಂದೂವರೆ ವರ್ಷ.

ಮೊದಲೆರಡು ಉಳಿಯಲಿಲ್ಲ. ಒಂದು, ಮುಚ್ಚಳದಲ್ಲಿ ಸ್ಕಿಮ್ಮರ್ (ನೀರಿನ ಕೊಳೆಯನ್ನು ನೊರೆಯಾಗಿಸಿ ತೆಗೆಯುವ ಯಂತ್ರ) ಪೈಪಿಗೆ ಬಿಟ್ಟಿದ್ದ ಎರಡು ಬೆರಳಗಲದ ಸಂದಿಯಲ್ಲಿ ನುಸುಳಿ, ಬೆಳಿಗ್ಗೆ ಸೋಫಾ ಹಿಂದೆ ಒಣಗಿ ಬಿದ್ದಿತ್ತು. ಇನ್ನೊಂದು ಐದು ವಾರ ಏನೂ ಮುಟ್ಟದೆ, ಗಾಜಿನ ಮೂಲೆಗೆ ತಲೆ ಒತ್ತಿಕೊಂಡೇ ಸತ್ತಿತು. ಮೀನು, ಸಾಗಣೆ, ಉಪ್ಪು ಎಲ್ಲ ಸೇರಿ 25 ಸಾವಿರದಷ್ಟು ಹೋಯಿತು. ಮನೆಯಲ್ಲಿ ಆ ಲೆಕ್ಕ ಹೇಳಲು ಧೈರ್ಯ ಬರಲಿಲ್ಲ.

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೋದಾಗ ದಾರಿ ಸಿಕ್ಕಿತು. ಬಂಡೆ ಬಿರುಕಿನಲ್ಲಿ ಇದೇ ಬಳಗದ ಒಂದು ಮೊರೆ ಈಲ್ ತಲೆ ಮಾತ್ರ ಹೊರಗಿಟ್ಟು ಬಾಯಿ ತೆರೆದು ಮುಚ್ಚುತ್ತಿತ್ತು. ಅದು ಉಸಿರಾಡುವುದೇ ಹಾಗೆ. ನಾನು ನೋಡಿದ್ದು ಮೈಯ ಎರಡೂ ಪಕ್ಕ ಬಂಡೆಗೆ ತಾಗಿದ್ದನ್ನು. ನಾನೋ ಟ್ಯಾಂಕಿನಲ್ಲಿ ಚೆಂದಕ್ಕೆಂದು ಕಲ್ಲುಗಳನ್ನು ದೂರ ದೂರ ಇಟ್ಟಿದ್ದೆ.

ಮೂರನೆಯದು ಒಂದಡಿಯ ಮರಿ. ಎರಡೂವರೆ ಇಂಚಿನ ಪಿವಿಸಿ ಪೈಪಿಗೆ ಹೊಕ್ಕು ಹಾಗೇ ಹೊರಬಂತು. ಒಂದೂವರೆ ಇಂಚಿನದ್ದಕ್ಕೆ ಎಲ್ಬೋ, ಟೀ (ಪೈಪಿನ ಬಾಗು, ಕವಲು ಜೋಡಣೆ) ಹಾಕಿ ಮೂರು ಬಾಯಿ ಮಾಡಿ ಕಲ್ಲಿನಡಿ ಹೂತೆ. ಮಾರನೇ ದಿನವೇ ಸೇರಿಕೊಂಡಿತು. ಖರ್ಚು 700 ರೂಪಾಯಿ ದಾಟಿಲ್ಲ.

ಇದಕ್ಕೆ ಕಣ್ಣು ಮಂದ, ಮೂಗು ಚುರುಕು. ಲೈಟ್ ಆರಿಸಿ ಅರ್ಧ ಗಂಟೆ ಬಿಟ್ಟು, ಪೈಪಿನ ಬಾಯಿಗೆ ಸತ್ತ ಸೀಗಡಿ ಹಿಡಿಯುತ್ತಿದ್ದೆ. ಒಂಬತ್ತನೇ ರಾತ್ರಿ ಹಳದಿ ಮೂಗಿನ ಕೊಳವೆಗಳೆರಡು ಹೊರಗೆ ಬಂದವು, ಆಮೇಲೆ ಮುಖ, ಆಮೇಲೆ ಒಂದೇ ಎಳೆತ. ನನ್ನ ಕೈ ನಡುಗುತ್ತಿತ್ತು. ಸೀಗಡಿಯನ್ನು ಯಾವುದರಲ್ಲಿ ನೆನೆಸುತ್ತೇನೆ ಅನ್ನೋದನ್ನು ಸದ್ಯಕ್ಕೆ ಹೇಳುವುದಿಲ್ಲ.

ನಡುವೆ ಕ್ಲೀನರ್ ಶ್ರಿಂಪ್ ಅನ್ನೋ ಒಂದು ಜೀವಂತ ಸೀಗಡಿ ಬಿಟ್ಟು ನೋಡಿದೆ. ನಮ್ಮ ಈಲ್ ಚಿಪ್ಪು ಅರೆಯುವ ಮೊಂಡು ಹಲ್ಲಿನ ಮೀನು. 1,500 ರೂಪಾಯಿಯ ಶ್ರಿಂಪ್ ಬೆಳಗಾಗುವುದರೊಳಗೆ ಇಲ್ಲ. ಡ್ಯಾಮ್ಸೆಲ್ ಅನ್ನೋ ಸಣ್ಣ ಮೀನುಗಳನ್ನು ಮಾತ್ರ ಇದುವರೆಗೆ ಮುಟ್ಟಿಲ್ಲ. ಏಪ್ರಿಲ್ ಸೆಖೆಗೆ ನೀರು ತಂಪು ಮಾಡುವ ಚಿಲ್ಲರ್ ತರಲಿಲ್ಲ, ನೀರಿನ ಮೇಲೆ ಫ್ಯಾನ್ ತಿರುಗಿಸಿದೆ, ಎರಡು ಡಿಗ್ರಿ ಇಳಿಯಿತು. 400 ಲೀಟರಿನ ಟ್ಯಾಂಕಿನಲ್ಲಿ ದಿನಕ್ಕೆ ನಾಲ್ಕೈದು ಲೀಟರ್ ಆವಿಯಾಗುತ್ತಿತ್ತು. ಅಷ್ಟನ್ನೂ ಉಪ್ಪಿಲ್ಲದ ಆರ್‌ಓ ನೀರಿನಲ್ಲೇ ತುಂಬಿ ಉಪ್ಪುನೀರಿನ ಸಾಪೇಕ್ಷ ಸಾಂದ್ರತೆಯನ್ನು 1.025ರಲ್ಲಿ ನಿಲ್ಲಿಸಿದೆ.

ಈಗ ಒಂದೂವರೆ ಅಡಿ ದಾಟಿದೆ, ತಿರುಗುವಾಗ ಎಲ್ಬೋದಲ್ಲಿ ತಡವರಿಸುತ್ತಿದೆ. ಬರುವ ತಿಂಗಳು ಎರಡಿಂಚಿನ ಪೈಪ್ ಹಾಕಬೇಕು.