ಬೈನಾದ ನನ್ನ ಕ್ಲಿನಿಕ್ಕಿಗೆ ಬರುವ ಹಲ್ಲುಗಳು

ಸಂಜೆ ಏಳಾಯಿತೆಂದರೆ ಗೋವಾದ ವಾಸ್ಕೋದ ಬೈನಾದಲ್ಲಿರುವ ನನ್ನ ಕ್ಲಿನಿಕ್ಕಿಗೆ ಒಂದಾದರೂ ಹಲ್ಲುನೋವು ಬರುತ್ತದೆ. ಕೆನ್ನೆ ಮೇಲೆ ಕೈ, ಬಾಯಲ್ಲಿ ಲವಂಗ. "ಒಂದ್ ಇಂಜೆಕ್ಷನ್ ಹಾಕ್ರಿ ಡಾಕ್ಟ್ರೇ, ನಾಳೆ ಕೆಲಸಕ್ಕ ಹೋಗ್ಬೇಕು." ಹೆಚ್ಚಿನವರು ವಿಜಯಪುರ, ಬಾಗಲಕೋಟೆ, ಗದಗ ಕಡೆಯವರು. ಗಾರೆ, ಸೆಂಟ್ರಿಂಗ್, ಲೋಡಿಂಗ್ ಕೆಲಸ. ಹಲ್ಲಿನ ಡಾಕ್ಟರು ಸಿಗುವ ಹೊತ್ತಿಗೆ ಇವರು ಸೈಟಿನಲ್ಲಿರುತ್ತಾರೆ. ಹಾಗಾಗಿ ಜ್ವರಕ್ಕೂ ನಾನೇ, ಹಲ್ಲಿಗೂ ನಾನೇ.

ಎಂಬಿಬಿಎಸ್‌ನಲ್ಲಿ ನಾನು ಹಲ್ಲಿನ ಬಗ್ಗೆ ಕಲಿತದ್ದು ಬಹಳ ಕಮ್ಮಿ. ಬಾಯಿ ತೆರೆಸಿ ಗಂಟಲು ನೋಡುತ್ತಿದ್ದೆವು, ಹಲ್ಲನ್ನು ದಾಟಿಕೊಂಡೇ ಹೋಗುತ್ತಿದ್ದೆವು. ಮೊದಲ ವರ್ಷಗಳಲ್ಲಿ ಅಮಾಕ್ಸಿಸಿಲಿನ್, ಮೆಟ್ರೋನಿಡಜೋಲ್ ಅಂತ ಎರಡು ಆಂಟಿಬಯಾಟಿಕ್, ಜೊತೆಗೊಂದು ನೋವಿನ ಗುಳಿಗೆ, ಐದು ದಿನಕ್ಕೆ ಬರೆದು ಕಳಿಸುತ್ತಿದ್ದೆ. ನೋವು ಹೋಗುತ್ತಿತ್ತು. ಅವರಿಗೂ ಖುಷಿ, ನನಗೂ ಖುಷಿ.

ಹಾಗೆ ಖುಷಿಯಾಗಿ ಹೋದ ಒಬ್ಬ ಹುಡುಗ ಎರಡು ತಿಂಗಳ ಮೇಲೆ ತಿರುಗಿ ಬಂದ. ದವಡೆಯ ಕೆಳಗೆ ಎರಡೂ ಕಡೆ ಬಾವು, ಮುಟ್ಟಿದರೆ ಹಲಗೆಯಂತೆ ಗಟ್ಟಿ. ಎಂಜಲು ನುಂಗಲಾಗದೆ ಟವೆಲ್ ಹಿಡಿದುಕೊಂಡಿದ್ದ. ನಾಲಿಗೆ ಮೇಲಕ್ಕೆದ್ದಿತ್ತು. ಬಿಸಿ ತುತ್ತು ಬಾಯಲ್ಲಿಟ್ಟುಕೊಂಡವನ ಹಾಗೆ ಮಾತು. ಲುಡ್ವಿಗ್ಸ್ ಆಂಜೈನಾ, ಅಂದರೆ ಹಲ್ಲಿನ ಸೋಂಕು ನಾಲಿಗೆಯ ಕೆಳಗೆಲ್ಲ ಹರಡಿದ್ದು. ಉಸಿರಿನ ದಾರಿ ಮುಚ್ಚಿದರೆ ಕತೆ ಮುಗಿದಂತೆ. 108 ಕರೆಸಿ ಬಾಂಬೋಲಿಮ್‌ನ ದೊಡ್ಡಾಸ್ಪತ್ರೆಗೆ ಕಳಿಸಿದೆ. ಬದುಕಿದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ಕೂತು ಓದಿದೆ. ಹುಳುಕು ಹಲ್ಲಿನೊಳಗಿನ ನರ ಊದಿಕೊಂಡಾಗ ಜೀವ ಹಿಂಡುವ ನೋವು. ಸ್ವಲ್ಪ ದಿನಕ್ಕೆ ಆ ನರ ತಾನೇ ಸಾಯುತ್ತದೆ, ನೋವು ನಿಲ್ಲುತ್ತದೆ. ಗುಳಿಗೆ ಕೆಲಸ ಮಾಡಿತು ಅಂದುಕೊಳ್ಳುತ್ತೇವೆ. ಸತ್ತ ನರಕ್ಕೆ ರಕ್ತ ಹರಿಯುವುದಿಲ್ಲ, ಔಷಧಿ ಅಲ್ಲಿಗೆ ಮುಟ್ಟುವುದೇ ಇಲ್ಲ. ಸೋಂಕು ಬೇರಿನ ತುದಿಯಲ್ಲಿ ಸುಮ್ನೆ ಕೂತಿರುತ್ತದೆ. ನೋವಿದ್ದಿದ್ದರೆ ಆ ಹುಡುಗ ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತಿದ್ದನೇನೋ.

ಈಗ ಮೊದಲು ಟಾರ್ಚ್ ಹಿಡಿಯುತ್ತೇನೆ. ಚಮಚದ ಹಿಡಿಯಿಂದ ಒಂದೊಂದೇ ಹಲ್ಲನ್ನು ಮೆಲ್ಲಗೆ ತಟ್ಟುತ್ತೇನೆ. ಜ್ವರ ಇದೆಯಾ, ಮುಖದಲ್ಲಿ ಬಾವು ಇದೆಯಾ, ಬಾಯಿ ಪೂರ್ತಿ ತೆರೆಯುತ್ತದಾ, ನೀರು ನುಂಗಲು ಆಗುತ್ತದಾ? ಇವ್ಯಾವ ತೊಂದರೆಯೂ ಇಲ್ಲದಿದ್ದರೆ ಆಂಟಿಬಯಾಟಿಕ್ ಇಲ್ಲ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಆಸ್ತಮಾ, ಬಸಿರು ಎಲ್ಲ ಕೇಳಿಕೊಂಡು ಐಬುಪ್ರೊಫೆನ್ 400, ಪ್ಯಾರಾಸಿಟಮಾಲ್ 1000 ಮಿಲಿಗ್ರಾಂ ಒಟ್ಟಿಗೆ ಕೊಡುತ್ತೇನೆ, ಊಟ ಆದ ಮೇಲೆ. ಎರಡೇ ದಿನಕ್ಕೆ. "ಈ ಡಾಕ್ಟ್ರು ಪವರ್ ಗುಳಿಗೆ ಕೊಡಂಗಿಲ್ಲ" ಅಂತ ಗಲ್ಲಿಯಲ್ಲಿ ಹೆಸರಾಗಿದೆ, ಇರಲಿ.

ಕಷ್ಟ ಇರುವುದು ಆಮೇಲೆ. ಬಾಂಬೋಲಿಮ್‌ನಲ್ಲಿ ಸರ್ಕಾರಿ ಡೆಂಟಲ್ ಕಾಲೇಜಿದೆ, ಆದರೆ ಹೋಗಿ ಬಂದರೆ ಒಂದು ದಿನದ ಪಗಾರ ಹೋಯಿತು. ಬಿಪಿ, ಶುಗರ್ ನೋಡಿಸಿಕೊಂಡು ಬಾ ಅಂತ ವಾಪಸ್ ಕಳಿಸಿದರೆ ಇನ್ನೊಂದು ದಿನ. ಮೂರನೇ ಸಲ ಯಾರೂ ಹೋಗುವುದಿಲ್ಲ. ಅದಕ್ಕೇ ಚೀಟಿಯಲ್ಲಿ ನಾನೇ ಎಲ್ಲ ಬರೆಯುತ್ತೇನೆ: ಬಿಪಿ, ಶುಗರ್, ನುಂಗುವ ಗುಳಿಗೆಗಳು, ಹೃದಯದ ಕವಾಟದ ಆಪರೇಷನ್ ಆಗಿದೆಯಾ. ಹಲ್ಲು ಕೀಳಿಸುತ್ತೇನೆ ಅಂತ ಹೃದಯದ ಆಸ್ಪಿರಿನ್ ತಾವೇ ನಿಲ್ಲಿಸಬಾರದು ಅಂತ ಬಾಯಲ್ಲಿ ಎರಡೆರಡು ಸಲ ಹೇಳುತ್ತೇನೆ. ಚೀಟಿ ಕೊಡಲು ಶುರು ಮಾಡಿದ ಮೇಲೆ ಹೋಗುವವರು ಜಾಸ್ತಿಯಾದರು.

ಹಲ್ಲುನೋವು ಅಂತ ಬಂದದ್ದೆಲ್ಲ ಹಲ್ಲಿನದಲ್ಲ. ಅಜ್ಜ ಒಬ್ಬರಿಗೆ ಗುಡ್ಡದ ಮೆಟ್ಟಿಲು ಹತ್ತುವಾಗ ಮಾತ್ರ ಎಡ ದವಡೆ ನೋಯುತ್ತಿತ್ತು, ಕೂತರೆ ಇಲ್ಲ. ಇಸಿಜಿ ತೆಗೆಸಿದೆ, ಹೃದಯದ್ದು. ಒಬ್ಬ ಹೆಂಗಸಿಗೆ ಮುಖ ತೊಳೆದರೂ ಕರೆಂಟ್ ಹೊಡೆದ ಹಾಗೆ. ಅದು ಮುಖದ ನರದ ನೋವು, ಆದರೆ ಬೇರೆಲ್ಲೋ ಎರಡು ಒಳ್ಳೆ ಹಲ್ಲು ಕೀಳಿಸಿಕೊಂಡು ಬಂದಿದ್ದರು, ಪಾಪ.

ಬಾಯಿ ತೆರೆದಾಗಲೇ ಅವರದೇ ಮೂರು ಬೆರಳು ಅಡ್ಡ ಹಿಡಿದು ಒಳಗೆ ಇಡಿಸುತ್ತೇನೆ. ಗುಟ್ಕಾ ತಿನ್ನುವ ಇಪ್ಪತ್ತೈದರ ಹುಡುಗರಿಗೂ ಕೆಲವೊಮ್ಮೆ ಎರಡೇ ಹೋಗುತ್ತವೆ. ಅಡಿಕೆಯಿಂದ ಕೆನ್ನೆಯ ಒಳಗು ಬಿಗಿದುಕೊಂಡಿರುತ್ತದೆ. ಮೂರು ವಾರ ಕಳೆದರೂ ಮಾಯದ ಹುಣ್ಣು ಕಂಡರೆ ಹಲ್ಲಿನ ಮಾತು ಬಿಟ್ಟು, ಕ್ಯಾನ್ಸರ್ ಇರಬಹುದಾ ಅಂತ ನೋಡಲು ಮರುದಿನವೇ ಬಯಾಪ್ಸಿಗೆ ಕಳಿಸುತ್ತೇನೆ. ಅಲ್ಲಿ ಪಗಾರದ ಲೆಕ್ಕ ಕೇಳುವುದಿಲ್ಲ.

ಇಷ್ಟಾದರೂ ಚೀಟಿ ಮಡಚಿಕೊಂಡು ಬಾಗಿಲಲ್ಲಿ ನಿಂತು ಒಬ್ಬರಾದರೂ ಕೇಳುತ್ತಾರೆ: "ಮ್ಯಾಲಿನ ಹಲ್ಲು ಕಿತ್ರ ಕಣ್ಣು ಹೊಕ್ಕಾವಂತಲ್ರೀ?" ಆಗ ನಾನೇ ಬಾಯಿ ತೆರೆದು ಮೇಲಿನ ಎರಡು ಖಾಲಿ ಜಾಗ ತೋರಿಸುತ್ತೇನೆ. ಆಮೇಲೆ ಕನ್ನಡಕ ತೆಗೆದಿಟ್ಟು, ಗುಳಿಗೆ ಪಟ್ಟಿಯ ಮೇಲಿನ ಸಣ್ಣ ಅಕ್ಷರದ ತಾರೀಖು ಓದಿ ಹೇಳುತ್ತೇನೆ.