ಹಳೇ ಸರ್ವರ್‌ನಲ್ಲೇ ಸಂಜೆಯ ಸ್ಲೋ ಹೋಗಲಾಡಿಸಿದ್ದು: ನನ್ನ ಅನುಭವ

ನಮ್ಮದು ನಾಲ್ಕು ಸಾವಿರದ ಹತ್ತಿರ ಗ್ರಾಹಕರಿರುವ ಸಣ್ಣ ಐಎಸ್‌ಪಿ, ಅಂದರೆ ಮನೆಗಳಿಗೆ ಇಂಟರ್‌ನೆಟ್ ಕೊಡುವ ಕಂಪನಿ. ಸಿ ಕೆಟಗರಿ ಲೈಸೆನ್ಸ್, ಶಿವಮೊಗ್ಗ ಜಿಲ್ಲೆಯೊಳಗಿನ ವ್ಯಾಪಾರ. ಪಿಪಿಪಿಒಇ (ಗ್ರಾಹಕರ ಲಾಗಿನ್ ಕನೆಕ್ಷನ್), ಶೇಪಿಂಗ್ (ಪ್ಲಾನ್‌ಗೆ ತಕ್ಕಂತೆ ವೇಗ ಮಿತಿ), ನ್ಯಾಟ್ (ಒಂದು ಪಬ್ಲಿಕ್ ಐಪಿಯನ್ನು ಹಲವರಿಗೆ ಹಂಚುವುದು) ಮೂರೂ ಒಂದೇ ಹಳೇ ಡೆಲ್ ಆರ್630 ಸರ್ವರ್ ಮೇಲೆ ನಡೆಯುತ್ತವೆ. ಡೆಬಿಯನ್ ಲಿನಕ್ಸ್, ಅದರ ಮೇಲೆ ಪಿಪಿಪಿಒಇ ನೋಡಿಕೊಳ್ಳುವ ಆಕ್ಸೆಲ್-ಪಿಪಿಪಿ. ಅಂಥದ್ದೇ ಇನ್ನೊಂದು ಬಾಕ್ಸ್ ಸ್ಟ್ಯಾಂಡ್‌ಬೈ ಇದೆ. ಈಗ ರಾತ್ರಿ ಒಂಬತ್ತರ ಪೀಕ್‌ನಲ್ಲಿ ಐದು, ಐದೂವರೆ ಜಿಬಿಪಿಎಸ್ ಹೋಗುತ್ತದೆ. ಪ್ರೊಸೆಸರ್‌ನ ಯಾವ ಕೋರ್ ಕೂಡ ಅರ್ಧ ದಾಟುವುದಿಲ್ಲ. ಮೂರು ಜಿಬಿಪಿಎಸ್ ಮೇಲೆ ಲಿನಕ್ಸ್ ಬಾಕ್ಸ್ ನಿಲ್ಲಲ್ಲ ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ತೊಂದರೆ ನಿಮಗೆಲ್ಲ ಗೊತ್ತಿರುವಂಥದ್ದೇ. ಬೆಳಿಗ್ಗೆಯಿಂದ ಸಂಜೆ ಏಳರವರೆಗೆ ಏನೂ ಇಲ್ಲ. ಎಂಟಾಗುತ್ತಿದ್ದಂತೆ ಕೇಬಲ್ ಆಪರೇಟರ್‌ಗಳ ಫೋನ್ ಶುರು: "ಸಾರ್, ಎಲ್ಲರಿಗೂ ನೆಟ್ ಸ್ಲೋ ಅಂತೆ, ಏನಾದ್ರೂ ಮಾಡಿ ಸಾರ್." ಐಪಿಎಲ್ ಇದ್ದ ದಿನ ಫೋನ್ ಕೆಳಗಿಡುವ ಹಾಗೇ ಇರಲಿಲ್ಲ. ಗ್ರಾಫ್ ನೋಡಿದರೆ ಟ್ರಾಫಿಕ್ ಮೂರು ಜಿಬಿಪಿಎಸ್ ಹತ್ತಿರ ಹೋಗಿ ತಲೆ ಚಪ್ಪಟೆ. ಪಿಂಗ್ ಎಂಟು ಮಿಲಿಸೆಕೆಂಡ್‌ನಿಂದ ನೂರು ದಾಟುತ್ತಿತ್ತು. ಸಿಪಿಯು ಬಳಕೆ ತೋರಿಸುವ ಟಾಪ್ ಕಮಾಂಡ್‌ನಲ್ಲಿ ಮಾತ್ರ ಒಟ್ಟು ಬಳಕೆ ಶೇಕಡಾ 12–13. ಎಲ್ಲರ ದಾರಿ ತಪ್ಪಿಸಿದ್ದು ಈ ಅಂಕಿಯೇ.

ನಮಗೆ ಬ್ಯಾಂಡ್‌ವಿಡ್ತ್ ಮಾರುವ ಅಪ್‌ಸ್ಟ್ರೀಮ್‌ನವರು ಲಿಂಕ್ ತುಂಬಿದೆ ಎಂದರು. ನಮ್ಮ ಪಾಲುದಾರರೂ ಅದನ್ನೇ ನಂಬಿದರು. ಒಂದು ಜಿಬಿಪಿಎಸ್ ಜಾಸ್ತಿ ತೆಗೆದುಕೊಂಡೆವು, ಮೂರು ತಿಂಗಳಿನ ಕರಾರು. ಒಂದು ಪೈಸೆಯ ಉಪಯೋಗ ಆಗಲಿಲ್ಲ. ಆಮೇಲೆ ಡಿಎನ್‌ಎಸ್ (ಸೈಟಿನ ಹೆಸರಿಗೆ ಐಪಿ ಹುಡುಕುವ ಸೇವೆ) ತೊಂದರೆ ಎಂದರು. ಬೇರೆ ಬಾಕ್ಸ್‌ನಲ್ಲಿ ಅನ್‌ಬೌಂಡ್ ಎಂಬ ಡಿಎನ್‌ಎಸ್ ಸರ್ವರ್ ಹಾಕಿ ಪ್ರಿಫೆಚ್ ಆನ್ ಮಾಡಿದೆವು. ಪೇಜ್ ತೆರೆಯುವುದು ಚುರುಕಾಯಿತು, ವಿಡಿಯೊ ಬಫರಿಂಗ್ ಹಾಗೇ ಉಳಿಯಿತು. ಸಿಸ್‌ಸಿಟಿಎಲ್ (ಲಿನಕ್ಸ್ ಕರ್ನಲ್ ಸೆಟ್ಟಿಂಗ್) ಸಾಲುಗಳನ್ನು ಅಲ್ಲಿ ಇಲ್ಲಿ ನೋಡಿ ಹಾಕಿಯೂ ಆಯಿತು. ಟಿಸಿಪಿ ಬಫರ್ ಏರಿಸಿದರೆ ಫಾರ್ವರ್ಡಿಂಗ್ ಬಾಕ್ಸ್‌ಗೆ ಏನೂ ಆಗುವುದಿಲ್ಲ, ಆ ಬಾಕ್ಸ್ ಗ್ರಾಹಕರ ಟಿಸಿಪಿಯನ್ನು ತಾನು ಮುಗಿಸುವುದೇ ಇಲ್ಲವಲ್ಲ. ಕೊನೆಗೆ ಬಂದ ಒಬ್ಬ ವೆಂಡರ್ ಹೊಸ ಬಿಎನ್‌ಜಿಗೆ (ಇದೇ ಕೆಲಸಕ್ಕೆಂದೇ ಮಾಡಿದ ರೂಟರ್) ಹದಿನೆಂಟು ಲಕ್ಷದ ಕೊಟೇಶನ್ ಕೊಟ್ಟರು. ಗ್ರಾಹಕರ ಎಣಿಕೆಗೆ ತಕ್ಕ ಲೈಸೆನ್ಸ್, ವರ್ಷದ ಎಎಂಸಿ ಬೇರೆ. ಪಾಲುದಾರರು ಸಾಲಕ್ಕೆ ಬ್ಯಾಂಕಿಗೆ ಓಡಾಡಲು ಶುರು ಮಾಡಿದ್ದರು. "ಅಣ್ಣ, ಒಂದು ತಿಂಗಳು ನನಗೆ ಬಿಡಿ" ಎಂದೆ.

ಟಾಪ್‌ನಲ್ಲಿ 1 ಒತ್ತಿ ಒಂದೊಂದೇ ಕೋರ್ ನೋಡಿ. ನಮ್ಮಲ್ಲಿ ಕೋರ್ ಸೊನ್ನೆಯಲ್ಲಿ ಸಾಫ್ಟ್‌ಐಆರ್‌ಕ್ಯೂ (ಪ್ಯಾಕೆಟ್ ಸಾಗಿಸುವ ಕರ್ನಲ್ ಕೆಲಸ) ನೂರಕ್ಕೆ ನೂರು, ಉಳಿದವು ಹೆಚ್ಚೂಕಡಿಮೆ ಸುಮ್ನೆ ಕೂತಿದ್ದವು. ಯಾವ ಕೋರ್‌ಗೆ ಎಷ್ಟು ಇಂಟರಪ್ಟ್ ಬರುತ್ತಿದೆ ಎಂದು ತೋರಿಸುವ ಪ್ರೋಕ್‌ನ ಇಂಟರಪ್ಟ್ಸ್ ಫೈಲ್ ನೋಡಿದಾಗ ಕಾರಣ ಸಿಕ್ಕಿತು. ನಮ್ಮದು ಇಂಟೆಲ್ ಎಕ್ಸ್520 ನೆಟ್‌ವರ್ಕ್ ಕಾರ್ಡ್. ಪ್ಯಾಕೆಟ್‌ಗಳನ್ನು ಹಲವು ಕ್ಯೂಗಳಿಗೆ, ಆ ಮೂಲಕ ಹಲವು ಕೋರ್‌ಗಳಿಗೆ ಹಂಚುವ ಅದರ ಆರ್‌ಎಸ್‌ಎಸ್‌ಗೆ ಪಿಪಿಪಿಒಇ ಹೆಡರ್ ಒಳಗಿರುವ ಐಪಿ ಕಾಣುವುದಿಲ್ಲ. ಅಪ್‌ಸ್ಟ್ರೀಮ್ ಪೋರ್ಟ್‌ನಿಂದ ಬರುವುದು ಸಾದಾ ಐಪಿ, ಅದು ಎಲ್ಲ ಕ್ಯೂಗಳಿಗೂ ಹಂಚಿಕೊಳ್ಳುತ್ತದೆ. ಗ್ರಾಹಕರ ಕಡೆಯಿಂದ ಬರುವ ಪ್ರತಿ ಪ್ಯಾಕೆಟ್ ಮಾತ್ರ ಸೊನ್ನೆ ಕ್ಯೂಗೇ ಬೀಳುತ್ತದೆ. ನಾಲ್ಕು ಸಾವಿರ ಮನೆಯ ಅಪ್‌ಲೋಡ್, ಎಲ್ಲ ಆಕ್‌ಗಳು (ಡೇಟಾ ತಲುಪಿತು ಎಂದು ವಾಪಸ್ ಹೋಗುವ ಉತ್ತರ), ಒಂದೇ ಕೋರ್ ಮೇಲೆ. ಹತ್ತು ಟೋಲ್ ಗೇಟ್ ಕಟ್ಟಿಸಿ ಒಂದನ್ನೇ ತೆರೆದಿಟ್ಟ ಹಾಗೆ. ಆಕ್ ತಡವಾದರೆ ಡೌನ್‌ಲೋಡ್ ತಾನಾಗಿ ಕುಗ್ಗುತ್ತದೆ. ಅದಕ್ಕೇ ಗ್ರಾಫ್ ಚಪ್ಪಟೆ.

ಮದ್ದು ಹೊಸದೇನಲ್ಲ. ಪ್ಯಾಕೆಟ್‌ಗಳನ್ನು ಕೋರ್‌ಗಳಿಗೆ ಹಂಚುವ ಆರ್‌ಪಿಎಸ್ 2010ರ 2.6.35 ಲಿನಕ್ಸ್ ಕರ್ನಲ್‌ನಿಂದಲೇ ಇದೆ. ಕರ್ನಲ್‌ನ ಫ್ಲೋ ಡಿಸೆಕ್ಟರ್ ಪಿಪಿಪಿಒಇ ಒಳಗೆ ಇಣುಕಿ ನೋಡುತ್ತದೆ, ಕಾರ್ಡ್ ಮಾಡದ ಕೆಲಸವನ್ನು ಸಾಫ್ಟ್‌ವೇರ್‌ನಲ್ಲಿ ಮಾಡುತ್ತದೆ. ಗ್ರಾಹಕರ ಪೋರ್ಟ್‌ನ ಸೊನ್ನೆ ಕ್ಯೂಗೆ ಆರ್‌ಪಿಎಸ್ ಮಾಸ್ಕ್ (ಯಾವ ಕೋರ್‌ಗಳಿಗೆ ಹಂಚಬೇಕು ಎಂಬ ಪಟ್ಟಿ) ಬರೆದೆ. ಇಂಟರಪ್ಟ್ ಹಿಡಿಯುವ ಕೋರ್ ಆ ಮಾಸ್ಕ್‌ನಲ್ಲಿ ಇರಬಾರದು, ಅದಕ್ಕೆ ಪ್ಯಾಕೆಟ್ ಎತ್ತಿ ಹಂಚುವ ಕೆಲಸವೇ ಸಾಕಷ್ಟಿದೆ. ಇಂಟರಪ್ಟ್‌ಗಳನ್ನು ತಾನೇ ಕೋರ್‌ಗಳಿಗೆ ಹಂಚುವ ಐಆರ್‌ಕ್ಯೂಬ್ಯಾಲೆನ್ಸ್ ನಿಲ್ಲಿಸಿ ಕ್ಯೂಗಳನ್ನು ಕೈಯಾರೆ ಕೋರ್‌ಗಳಿಗೆ ಕಟ್ಟಿದೆ. ಕೋರ್ ಒಂದರ ಮುಂದೆ ಎಷ್ಟು ಪ್ಯಾಕೆಟ್ ಸಾಲು ನಿಲ್ಲಬಹುದು ಎಂಬ ನೆಟ್‌ಡೆವ್ ಮ್ಯಾಕ್ಸ್ ಬ್ಯಾಕ್‌ಲಾಗ್ ಡಿಫಾಲ್ಟ್ ಸಾವಿರ ಇರುತ್ತದೆ, ಅದನ್ನೂ ಏರಿಸಿದೆ. ಪ್ರೋಕ್‌ನಲ್ಲೇ ಇರುವ ಸಾಫ್ಟ್‌ನೆಟ್ ಸ್ಟ್ಯಾಟ್‌ ಫೈಲ್‌ನ ಎರಡನೇ ಕಾಲಂ ಏರುತ್ತಿದ್ದರೆ ಅಲ್ಲೇ ಪ್ಯಾಕೆಟ್ ಸಾಯುತ್ತಿವೆ ಎಂದು ತಿಳಿಯಿರಿ.

ಮೊದಲ ರಾತ್ರಿ ಮೂರು ಜಿಬಿಪಿಎಸ್ ದಾಟಿತು, ಆದರೆ ಮೂರೂಮುಕ್ಕಾಲು ಜಿಬಿಪಿಎಸ್‌ಗೆ ಮತ್ತೆ ಜಿಟ್ಟರ್ (ಪಿಂಗ್ ಏರಿಳಿತ). ಆಗ ನ್ಯೂಮಾ, ಅಂದರೆ ಯಾವ ಕಾರ್ಡ್, ಯಾವ ಮೆಮೊರಿ ಯಾವ ಪ್ರೊಸೆಸರ್‌ಗೆ ಹತ್ತಿರ ಎಂಬುದನ್ನು ನೋಡಿದೆ. ಎರಡು ಪ್ರೊಸೆಸರ್ ಸಾಕೆಟ್‌ನ ಬಾಕ್ಸ್, ನೋಡ್ 0 ಮತ್ತು ನೋಡ್ 1. ಕಾರ್ಡ್ ನೋಡ್ 1ರಲ್ಲಿ, ನನ್ನ ಮಾಸ್ಕ್‌ನ ಅರ್ಧ ಕೋರ್‌ಗಳು ನೋಡ್ 0ಯಲ್ಲಿ. ಪ್ಯಾಕೆಟ್‌ಗಳು ಸಾಕೆಟ್ ಸಾಕೆಟ್ ದಾಟಿ ಓಡಾಡುತ್ತಿದ್ದವು. ಎಲ್ಲವನ್ನೂ ಕಾರ್ಡ್ ಇರುವ ನೋಡ್‌ಗೇ ತಂದೆ. ಜೊತೆಗೆ ಸಿಪಿಯು ಬದಲಿಸಿದೆ. ಬಾಕ್ಸ್ ಬಂದದ್ದು ಹದಿನಾಲ್ಕು ಕೋರ್‌ನ, 2 ಗಿಗಾಹರ್ಟ್ಸ್‌ನ ಇ5-2660 ವಿ4 ಜೊತೆ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಇ5-2667 ವಿ4 ಹುಡುಕಿ ಹಾಕಿಸಿದೆ. ಎಂಟೇ ಕೋರ್, ಆದರೆ 3.2 ಗಿಗಾಹರ್ಟ್ಸ್. ಈ ಕೆಲಸಕ್ಕೆ ಕೋರ್ ಎಣಿಕೆಗಿಂತ ಕ್ಲಾಕ್ ದೊಡ್ಡದು. ಒಂದು ಕೋರ್ ಎರಡಾಗಿ ಕಾಣುವಂತೆ ಮಾಡುವ ಹೈಪರ್‌ಥ್ರೆಡಿಂಗ್ ಕೂಡ ಆಫ್ ಮಾಡಿದೆ, ಪಿಂಗ್ ಇನ್ನಷ್ಟು ಸಮವಾಯಿತು.

ದಾರಿ ಬಿಟ್ಟ ಕೂಡಲೇ ಕಾನ್‌ಟ್ರ್ಯಾಕ್ (ನ್ಯಾಟ್‌ಗಾಗಿ ಪ್ರತಿ ಕನೆಕ್ಷನ್‌ನ ಲೆಕ್ಕ ಇಡುವ ಟೇಬಲ್) ಕೈ ಕೊಟ್ಟಿತು. ಕರ್ನಲ್ ಸಂದೇಶ ತೋರಿಸುವ ಡಿಮೆಸೆಜ್ ತುಂಬಾ "ಟೇಬಲ್ ಫುಲ್, ಡ್ರಾಪಿಂಗ್ ಪ್ಯಾಕೆಟ್". ಡಿಫಾಲ್ಟ್ ಮಿತಿ 2,62,144. ನಮ್ಮಲ್ಲಿ ಪೀಕ್‌ಗೆ ಏಳು ಲಕ್ಷದ ಹತ್ತಿರ ಎಂಟ್ರಿ ಇರುತ್ತವೆ. ಮಿತಿ ಇಪ್ಪತ್ತು ಲಕ್ಷಕ್ಕೆ ಏರಿಸಿ, ಎಂಟ್ರಿ ಹುಡುಕಲು ಬಳಸುವ ಹ್ಯಾಶ್‌ನ ಸೈಜನ್ನೂ ಅದಕ್ಕೆ ತಕ್ಕಂತೆ ಮಾಡಿದೆ. ಬರೀ ಮಿತಿ ಏರಿಸಿ ಹ್ಯಾಶ್ ಮರೆತರೆ ಹುಡುಕಾಟದಲ್ಲೇ ಸಿಪಿಯು ಸುಡುತ್ತದೆ. ಸುಮ್ಮನೆ ಬಿದ್ದಿರುವ ಟಿಸಿಪಿ ಕನೆಕ್ಷನ್‌ನ ಎಂಟ್ರಿ ಎಷ್ಟು ಹೊತ್ತು ಇರಬೇಕು ಎಂಬ ಎಸ್ಟಾಬ್ಲಿಷ್ಡ್ ಟೈಮ್‌ಔಟ್ ಡಿಫಾಲ್ಟ್ ಐದು ದಿನ, ಅದನ್ನು 7440 ಸೆಕೆಂಡ್‌ಗೆ ಇಳಿಸಿದೆ.

ಇನ್ನೊಂದು ತಲೆನೋವು ಕರೆಂಟ್. ಮಳೆಗಾಲದಲ್ಲಿ ನಮ್ಮ ಕಡೆ ಒಂದು ಫೀಡರ್ ಹೋಗಿ ಬಂದರೆ ಸಾವಿರ, ಸಾವಿರದೈನೂರು ರೂಟರ್ ಒಟ್ಟಿಗೆ ಲಾಗಿನ್‌ಗೆ ಬರುತ್ತವೆ. ಲಾಗಿನ್ ಪರೀಕ್ಷಿಸುವ ಫ್ರೀರೇಡಿಯಸ್ ಮರಿಯಾಡಿಬಿ ಡೇಟಾಬೇಸ್‌ಗೆ ಕಾಯುತ್ತದೆ, ಆಕ್ಸೆಲ್ ರೇಡಿಯಸ್‌ಗೆ ಕಾಯುತ್ತದೆ, ರೂಟರ್ ಬೇಸತ್ತು ಮತ್ತೆ ಪಾಡಿ (ಲಾಗಿನ್‌ನ ಮೊದಲ ಪ್ಯಾಕೆಟ್) ಕಳಿಸುತ್ತದೆ. ಮುಕ್ಕಾಲು ಗಂಟೆಯಾದರೂ ಎಲ್ಲರೂ ಒಳಗೆ ಬರುತ್ತಿರಲಿಲ್ಲ. ಗ್ರಾಹಕರ ಬಳಕೆಯ ಲೆಕ್ಕ ಇರುವ ರಾಡ್‌ಅಕ್ಟ್ ಟೇಬಲ್‌ನಲ್ಲಿ ಕೋಟಿಗೂ ಜಾಸ್ತಿ ಸಾಲು ಕೂತಿದ್ದವು. ಹಳೆಯದನ್ನು ಪ್ರತಿ ರಾತ್ರಿ ಬೇರೆ ಟೇಬಲ್‌ಗೆ ಸಾಗಿಸುವ ಏರ್ಪಾಡು ಮಾಡಿದೆ, ಡಿಸ್ಕ್ ಎಸ್‌ಎಸ್‌ಡಿಗೆ ಬದಲಾಯಿತು, ಪ್ರತಿ ಬರಹಕ್ಕೂ ಡಿಸ್ಕ್‌ಗೆ ಕಾಯದಂತೆ ಡೇಟಾಬೇಸ್‌ನ ಇನ್ನೋಡಿಬಿ ಫ್ಲಷ್ ಸೆಟ್ಟಿಂಗ್ 2 ಆಯಿತು. ಒಮ್ಮೆಗೆ ಎಷ್ಟು ಲಾಗಿನ್, ಎಷ್ಟು ಪಾಡಿ ಎಂದು ಕಟ್ಟಿಹಾಕಲು ಆಕ್ಸೆಲ್‌ನಲ್ಲಿ ಮ್ಯಾಕ್ಸ್-ಸ್ಟಾರ್ಟಿಂಗ್ ಮತ್ತು ಪಾಡಿ-ಲಿಮಿಟ್ ಹಾಕಿದೆ. ಈಗ ಮೂರು ನಾಲ್ಕು ನಿಮಿಷದಲ್ಲಿ ಎಲ್ಲರೂ ಆನ್‌ಲೈನ್. ಆ ಎರಡು ಲಿಮಿಟ್‌ಗಳಿಗೆ ನಾನು ಹಾಕಿರುವ ಅಂಕಿಗಳನ್ನೂ, ಗ್ರಾಹಕರನ್ನು ಒಂದೇ ಒಂದು ಫೋನ್ ಬರದಂತೆ ಸ್ಟ್ಯಾಂಡ್‌ಬೈ ಬಾಕ್ಸ್‌ಗೆ ಸಾಗಿಸುವ ಸ್ಕ್ರಿಪ್ಟನ್ನೂ ಇಲ್ಲಿ ಕೊಡುವುದಿಲ್ಲ. ಅವಕ್ಕೆ ನನ್ನ ಎಷ್ಟೋ ರಾತ್ರಿಗಳು ಹೋಗಿವೆ. ಪಾಡಿಗೆ ಉತ್ತರವನ್ನು ಬೇಕೆಂದೇ ತಡ ಮಾಡುವ ಪಾಡೊ-ಡಿಲೇ ಸೆಟ್ಟಿಂಗ್ ಬಗ್ಗೆ ಓದಿ, ಅರ್ಧ ದಾರಿ ಅಲ್ಲಿದೆ.

ದುಡ್ಡು ಕಟ್ಟದ ಗ್ರಾಹಕರ ಲಾಗಿನ್ ರಿಜೆಕ್ಟ್ ಮಾಡುವುದನ್ನೂ ನಿಲ್ಲಿಸಿದೆ. ರಿಜೆಕ್ಟ್ ಮಾಡಿದರೆ ಆ ರೂಟರ್ ಹಗಲೂ ರಾತ್ರಿ ಬಾಗಿಲು ಬಡಿಯುತ್ತದೆ, ಪ್ರತಿ ಲಾಗಿನ್ ಯತ್ನ ಬರೆದಿಡುವ ಪೋಸ್ಟ್‌ಆತ್ ಟೇಬಲ್ ಊದಿಕೊಳ್ಳುತ್ತದೆ. ಒಳಗೆ ಬಿಟ್ಟು, ಬೇರೆ ಪೂಲ್‌ನ ಐಪಿ ಕೊಟ್ಟು, ರೀಚಾರ್ಜ್ ಪೇಜ್ ಮಾತ್ರ ತೆರೆಯುವಂತೆ ಮಾಡಿದೆ. ರೇಡಿಯಸ್ ಮೇಲಿನ ಹೊರೆ ಅರ್ಧಕ್ಕಿಂತ ಕೆಳಗಿಳಿಯಿತು. ವಸೂಲಿಯೂ ಬೇಗ ಆಗುತ್ತಿದೆ.

ನಡುವೆ ಎರಡು ಪ್ರಯೋಗ ಮಾಡಿದೆ. ನಡೆಯುತ್ತಿರುವ ಕನೆಕ್ಷನ್‌ಗಳಿಗೆ ಅಡ್ಡದಾರಿ ಕೊಡುವ ಎನ್‌ಎಫ್‌ಟಿ ಫ್ಲೋಟೇಬಲ್‌ಗೆ ಪಿಪಿಪಿಒಇ ಬೆಂಬಲ 5.13 ಕರ್ನಲ್‌ನಲ್ಲಿ ಬಂತು. ಹಾಕಿದೆ, ಸಿಪಿಯು ನೆಲಕ್ಕಿಳಿಯಿತು. ಆದರೆ ಪ್ಯಾಕೆಟ್‌ಗಳು ಪಿಪಿಪಿ ಇಂಟರ್‌ಫೇಸ್ ಮುಟ್ಟದೆ ನೇರ ಈಥರ್‌ನೆಟ್‌ಗೆ ಹೋಗುತ್ತವೆ. ಶೇಪರ್ ಇಲ್ಲ, ಲೆಕ್ಕವೂ ಇಲ್ಲ. 40 ಎಂಬಿಪಿಎಸ್ ಪ್ಲಾನ್‌ನವರಿಗೆ 300 ಸಿಗುತ್ತಿತ್ತು. ತೆಗೆದು ಹಾಕಿದೆ. ಇನ್ನೊಂದು ಕೇಕ್. ವೇಗ ಮಾತ್ರ ಕಟ್ಟಿಹಾಕುವ ಟಿಬಿಎಫ್ ಶೇಪರ್ ಬದಲು ಸಾಲನ್ನೂ ನ್ಯಾಯವಾಗಿ ಹಂಚುವ ಕೇಕ್ ಹಾಕಿದರೆ ಮನೆಯಲ್ಲಿ ಒಬ್ಬರು ಅಪ್‌ಲೋಡ್ ಮಾಡುತ್ತಿದ್ದರೂ ಇನ್ನೊಬ್ಬರ ವಿಡಿಯೊ ಕಾಲ್ ಕೆಡುವುದಿಲ್ಲ. ಸಿಪಿಯು ಮೂರನೇ ಒಂದು ಪಾಲು ಏರಿತು. ಮೇಲಿನ ಎರಡು ಪ್ಲಾನ್‌ಗಳಿಗೆ ಮಾತ್ರ ಇಟ್ಟಿದ್ದೇನೆ, ಆ ಗ್ರಾಹಕರು ಬಿಟ್ಟು ಹೋಗುವುದು ನಿಂತಿದೆ.

ಲಾಗ್ ವಿಷಯದಲ್ಲಿ ಜಿಪುಣತನ ಬೇಡ. 2021ರ ಕೊನೆಯಲ್ಲಿ ಲೈಸೆನ್ಸ್ ಷರತ್ತಿಗೆ ಬಂದ ತಿದ್ದುಪಡಿಯಿಂದ ಎರಡು ವರ್ಷದ ದಾಖಲೆ ಇಡಬೇಕು. ಯಾವ ಹೊತ್ತಿಗೆ ಯಾವ ಪಬ್ಲಿಕ್ ಐಪಿ ಯಾರ ಬಳಿ ಇತ್ತು ಎಂದು ತೋರಿಸುವ ನಮ್ಮ ನ್ಯಾಟ್ ಲಾಗ್ ದಿನಕ್ಕೆ ಮೂವತ್ತು ನಲವತ್ತು ಜಿಬಿ ಬರುತ್ತದೆ. ಝಡ್‌ಎಸ್‌ಟಿಡಿಯಲ್ಲಿ ಹಿಂಡಿದರೆ ನಾಲ್ಕು ಜಿಬಿಗೆ ಇಳಿಯುತ್ತದೆ, ಎರಡು ವರ್ಷಕ್ಕೆ ಮೂರು ಟಿಬಿ. ಒಂದೇ ಡಿಸ್ಕ್ ಸಾಕು, ನಾನು ಎರಡು ಪ್ರತಿ ಇಡುತ್ತೇನೆ. ಸರ್ವರ್ ಗಡಿಯಾರ ಸರಿಯಿಡುವ ಕ್ರೋನಿಯನ್ನು ದಿನಾ ನೋಡುತ್ತೇನೆ. ನ್ಯಾಟ್ ಲಾಗ್‌ನ ಗಡಿಯಾರ ಒಂದು ನಿಮಿಷ ಆಚೀಚೆ ಆದರೆ ಪೊಲೀಸರು ಹೋಗುವುದು ಬೇರೆಯವರ ಮನೆಗೆ.

ಖರ್ಚು: ಎರಡು ಬಾಕ್ಸ್ ಸೇರಿ ಒಂದು ಲಕ್ಷ ಮೂವತ್ತು ಸಾವಿರದ ಆಸುಪಾಸು. ಕಾರ್ಡ್ ಒಂದಕ್ಕೆ ಮೂರೂವರೆ, ನಾಲ್ಕು ಸಾವಿರ. ಪ್ರೊಸೆಸರ್, ಎಸ್‌ಎಸ್‌ಡಿ, ಲಾಗ್ ಡಿಸ್ಕ್ ಎಲ್ಲ ಸೇರಿದರೂ ಎರಡು ಲಕ್ಷದ ಒಳಗೆ. ಅಗ್ಗದ ಎಸ್‌ಎಫ್‌ಪಿ (ಫೈಬರ್ ಸಿಕ್ಕಿಸುವ ಮಾಡ್ಯೂಲ್) ಹಾಕಿದರೆ ಎಕ್ಸ್520 ಒಪ್ಪುವುದಿಲ್ಲ, ಅದರ ಐಎಕ್ಸ್‌ಜಿಬಿಇ ಡ್ರೈವರ್‌ನಲ್ಲಿ ಅನ್‌ಸಪೋರ್ಟೆಡ್ ಎಸ್‌ಎಫ್‌ಪಿಗೆ ಅನುಮತಿ ಕೊಡುವ ಆಯ್ಕೆ ಇದೆ. ಕೊಟೇಶನ್ ಕೊಟ್ಟ ವೆಂಡರ್ ಆಮೇಲೆ ಬಂದು ಗ್ರಾಫ್ ನೋಡಿ ಹೋದರು.

ಈಗ ನ್ಯಾಟ್ ಬೇಕಿಲ್ಲದ ಹೊಸ ವಿಳಾಸ ಪದ್ಧತಿ ಐಪಿವಿ6 ಹಚ್ಚುತ್ತಿದ್ದೇನೆ. ಹಚ್ಚಿದ ಏರಿಯಾಗಳಲ್ಲಿ ಅರ್ಧಕ್ಕೂ ಜಾಸ್ತಿ ಟ್ರಾಫಿಕ್ ನ್ಯಾಟ್ ಬಿಟ್ಟು ಹೋಗಿದೆ, ಕಾನ್‌ಟ್ರ್ಯಾಕ್ ಎಂಟ್ರಿ ಇಳಿಯುತ್ತಿವೆ. ಗ್ರಾಹಕರ ಮನೆಯ ಹಳೇ ಓಎನ್‌ಟಿ (ಫೈಬರ್ ಮೋಡೆಮ್) ಗಳಲ್ಲಿ ಪ್ರಿಫಿಕ್ಸ್ ಡೆಲಿಗೇಶನ್, ಅಂದರೆ ಮನೆಗೊಂದು ಐಪಿವಿ6 ವಿಳಾಸಗುಂಪು ಕೊಡುವುದು, ಸರಿಯಾಗಿ ಕೂರುವುದಿಲ್ಲ. ಅವಕ್ಕೆ ಫರ್ಮ್‌ವೇರ್ ಹಾಕುವ ಕೆಲಸ ಏರಿಯಾ ಏರಿಯಾ ನಡೆಯುತ್ತಿದೆ. ಇನ್ನೂ ಆರುನೂರು, ಏಳುನೂರು ಮನೆ ಬಾಕಿ.